ಅಟ್ಟೆ ಒಂದೇ, ಬಟ್ಟೆ?

‘60 ಕೋಟಿ ವರ್ಷಗಳ ಹಿಂದೆ ಸಮುದ್ರದ ಹುಳುವಿನ ತಲೆಯಲ್ಲಿ ಇದ್ದದ್ದೇ ಇವತ್ತು ನಿಮ್ಮ ತಲೆಯಲ್ಲಿದೆ!’ ಸೇಲಂನ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು ಹೀಗೆಂದು ಚಪ್ಪಾಳೆ ಗಿಟ್ಟಿಸಿದಾಗ ನನಗೆ ಮೈ ಉರಿಯಿತು. ಅವರ ಆಧಾರ ಇಷ್ಟೆ: ಹುಳುವಿನ ಮಿದುಳಲ್ಲೂ ನಮ್ಮ ಮಿದುಳಲ್ಲೂ ಒಂದೇ ಬಗೆಯ ಜೀನುಗಳು ಎಚ್ಚೆತ್ತಿರುತ್ತವೆ. ಜೀನು ಒಂದಾದರೆ ಅಂಗವೂ ಒಂದೇ ಎನ್ನಲು ಇಷ್ಟು ಸಾಕೇ?

ಎಲ್ಲ ಜೀವಿಗಳಲ್ಲೂ ಚೈತನ್ಯ ಒಂದೇ, ಆದ್ದರಿಂದ ಪ್ರಶ್ನೆಯೇ ಇಲ್ಲ ಎನ್ನುವ ವೇದಾಂತಿಗೆ ನಮಸ್ಕಾರ. ಮನಸ್ಸೇ ಬೇರೆ, ದೇಹವೇ ಬೇರೆ ಎಂದ ದೇಕಾರ್ತನಿಗೂ ನಮಸ್ಕಾರ. ಇಬ್ಬರೂ ಹುಳುವಿನ ಕಡೆ ಬಗ್ಗಿ ನೋಡಿದವರಲ್ಲ. ಬಗ್ಗಿ ನೋಡಿದವರು ಜರ್ಮನಿಯ ಹೈಡೆಲ್‌ಬರ್ಗ್‌ನ ಡೆಟ್ಲೆವ್ ಅರೆಂಟ್. ಗುದ್ದಾಡುವುದಾದರೆ ಅವರ ಜೊತೆಗೇ ಗುದ್ದಾಡಬೇಕು.

ಅವರ ಹುಳುವಿನ ಹೆಸರು ಪ್ಲಾಟಿನೆರೈಸ್ ಡುಮೆರಿಲಿಐ. ಎರಡು ದಿನದ ಮರಿ ಒಂದು ಮಿಲಿಮೀಟರ್‌ನ ಕಾಲುಭಾಗವೂ ಇರುವುದಿಲ್ಲ. ಒಂದು ಮರಿಯಲ್ಲಿ ಒಂದೆರಡು ಜೀನುಗಳನ್ನಷ್ಟೇ ಬಣ್ಣ ಹಾಕಿ ನೋಡಲು ಆಗುತ್ತಿತ್ತು. ಹಾಗಾಗಿ ಹಲವಾರು ಮರಿಗಳ ಚಿತ್ರ ತೆಗೆದು, ಎಲ್ಲವನ್ನೂ ಒಂದೇ ನಕ್ಷೆಯ ಮೇಲೆ ಹೊಂದಿಸಿ, ಯಾವ ಜಾಗದಲ್ಲಿ ಯಾವ ಜೀನುಗಳು ಒಟ್ಟಿಗೆ ಎಚ್ಚರವಾಗಿವೆ ಎಂದು ಕಂಡುಕೊಂಡರು. 2010ರಲ್ಲಿ ರಾಜು ತೋಮರ್, ಅರೆಂಟ್ ಮತ್ತು ಸಂಗಡಿಗರು ‘ಸೆಲ್’ ಪತ್ರಿಕೆಯಲ್ಲಿ ಬರೆದ ತೀರ್ಮಾನ ಇದು: ಹುಳುವಿನ ಮಿದುಳಿನಲ್ಲಿರುವ ಅಣಬೆಯಾಕಾರದ ಭಾಗವೂ ಬೆನ್ನೆಲುಬಿನ ಪ್ರಾಣಿಗಳ ಮಿದುಳಿನ ಮೇಲ್ಪದರವೂ ಒಂದೇ ಮೂಲದವು.

ನಮ್ಮದು ಸೇಲಂನ ಕನ್ನಡ ಮಾತಾಡುವ ದೇವಾಂಗರ ಮನೆ. ಮಗ್ಗದ ಮೇಲೆ ಜಕಾರ್ಡ್, ಅದರಲ್ಲಿ ತೂತು ಹೊಡೆದ ಅಟ್ಟೆಗಳ ಸರ. ತೂತು ಇದ್ದಲ್ಲಿ ಸೂಜಿ ಒಳಹೋಗುತ್ತದೆ, ಕೊಕ್ಕೆ ಹಾಸಿನ ಎಳೆಯನ್ನು ಎತ್ತುತ್ತದೆ. ಇಲ್ಲದಲ್ಲಿ ಎಳೆ ಮಲಗಿರುತ್ತದೆ. ಒಂದೇ ಅಟ್ಟೆಸರ ಹಾಕಿ ಅಪ್ಪ ರೇಷ್ಮೆಯಲ್ಲೂ ನೇಯುತ್ತಿದ್ದರು, ಹತ್ತಿಯಲ್ಲೂ ನೇಯುತ್ತಿದ್ದರು. ಎರಡರಲ್ಲೂ ಅದೇ ಮಾವಿನಕಾಯಿ ಅಂಚು. ಅಟ್ಟೆ ಒಂದೇ ಎಂದು ಎರಡು ಸೀರೆಗೂ ಒಂದೇ ಬೆಲೆ ಕೊಟ್ಟ ಗಿರಾಕಿಯನ್ನು ನಾನಂತೂ ಕಂಡಿಲ್ಲ.

ಅರೆಂಟ್ ಇದಕ್ಕೆ ಸುಮ್ಮನಾಗುವವರಲ್ಲ. ತಾನು ಬೆಲೆಯ ಮಾತಾಡುತ್ತಿಲ್ಲ, ವಂಶದ ಮಾತಾಡುತ್ತಿದ್ದೇನೆ ಎಂದಾರು. ನೂರಾರು ಅಟ್ಟೆಗಳಿಗೆ ಇಬ್ಬರು ಬೇರೆಬೇರೆ ಕೂತು ತೂತು ಹೊಡೆದರೆ ಅದೇ ಮಾವಿನಕಾಯಿ ಎದ್ದುಬರುವುದು ಸಾಧ್ಯವೇ ಇಲ್ಲ. ಇದನ್ನು ಒಪ್ಪಲೇಬೇಕು. ಆದರೆ ಅಟ್ಟೆ ಹಳೆಯದು ಎಂದ ಮಾತ್ರಕ್ಕೆ ಬಟ್ಟೆಯೂ ಅಷ್ಟೇ ಹಳೆಯದಾಗುತ್ತದೆಯೇ? ಹಳೆಯ ಜೀನುಗಳ ತಂಡವೊಂದನ್ನು ಎರಡು ವಂಶಗಳು ಬೇರೆಬೇರೆ ಕಾಲದಲ್ಲಿ ಹೊಸ ಕೆಲಸಕ್ಕೆ ಹಚ್ಚಿಕೊಂಡಿರಬಹುದಲ್ಲ.

ಇನ್ನೊಂದು ಉದಾಹರಣೆ ನನ್ನ ಹತ್ತಿರವೇ ಇತ್ತು. ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆ ಅತ್ತೆಯ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ರಾತ್ರಿಯಿಡೀ ಸೊಪ್ಪನ್ನು ಸರಸರ ಮೇಯುತ್ತಿದ್ದ ಹುಳುಗಳು ಇದ್ದಕ್ಕಿದ್ದಂತೆ ನಿಂತುಬಿಡುತ್ತವೆ. ಮೈ ಬಿಳುಪಾಗಿ, ತಲೆಯೆತ್ತಿ, ಒಂದು ದಿನ ಅಲುಗದೆ ಇರುತ್ತವೆ. ‘ಜ್ವರಕ್ಕೆ ಕುಂತವೆ, ಸೊಪ್ಪು ಹಾಕಬೇಡ ಕಣೋ’ ಎಂದು ಅತ್ತೆ ಸುಣ್ಣದ ಪುಡಿ ಉದುರಿಸುತ್ತಿದ್ದರು. ಪೊರೆ ಕಳಚು ಎಂಬ ಆ ಆಜ್ಞೆ ಹೊರಡುವುದು ಹುಳುವಿನ ಮಿದುಳಿನಿಂದ. ಆ ಆಜ್ಞೆಯ ರಸವನ್ನು ಹುಡುಕುತ್ತ ಜಪಾನೀಯರು ಲಕ್ಷಗಟ್ಟಲೆ ರೇಷ್ಮೆ ಪತಂಗಗಳ ತಲೆ ಅರೆದರು. 1984ರಲ್ಲಿ ಮೊದಲು ಕೈಗೆ ಸಿಕ್ಕಿದ್ದು ಇನ್ಸುಲಿನ್‌ನ ದಾಯಾದಿ, ಬಾಂಬಿಕ್ಸಿನ್. ರೇಷ್ಮೆಹುಳುವಿನ ಜ್ವರಕ್ಕೆ ಅದು ಕಾರಣವಲ್ಲ ಎಂದು ಆಮೇಲೆ ತಿಳಿಯಿತು.

ನಮ್ಮಲ್ಲಿ ಇನ್ಸುಲಿನ್ ಬರುವುದು ಮೇದೋಜೀರಕದಿಂದ. ರೇಷ್ಮೆಹುಳುವಿನಲ್ಲಿ ಅದರ ದಾಯಾದಿ ಬರುವುದು ಮಿದುಳಿನ ಕೆಲವೇ ಕೋಶಗಳಿಂದ. ಜೀನಿನ ಲೆಕ್ಕವೇ ಲೆಕ್ಕವಾದರೆ ಹುಳುವಿನ ತಲೆ ನಮ್ಮ ಹೊಟ್ಟೆಯಾಯಿತು! ಎದುರಾಳಿಯ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಕುಚೋದ್ಯ ಸಿಗದು ಅನಿಸಿತ್ತು.

ಬಾಯಿ ಮುಚ್ಚಲಿಲ್ಲ. 2002ರಲ್ಲಿ ಅಮೆರಿಕದ ರೂಲಿಫ್‌ಸನ್, ಕಿಮ್, ನುಸ್ ಹಣ್ಣುನೊಣದ ಮಿದುಳಿನಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನಷ್ಟೇ ಕೊಂದು ನೋಡಿದರು. ನೊಣಗಳು ಕುಳ್ಳಾದವು, ಮೈಯಲ್ಲಿ ಸಕ್ಕರೆ ಏರಿತು. ಸಕ್ಕರೆ ಕಾಯಿಲೆ ಎನ್ನಲು ಇನ್ನೇನು ಬೇಕು? ನನ್ನ ಕುಚೋದ್ಯವನ್ನು ವಿಜ್ಞಾನ ಆಗಲೇ ಗಂಭೀರವಾಗಿ ತೆಗೆದುಕೊಂಡಿತ್ತು. ಅಂಗಗಳನ್ನು ಬಿಟ್ಟು ಕೋಶಗಳ ವಂಶಾವಳಿ ಹುಡುಕಿ ಎಂಬ ಅರೆಂಟ್‌ರ ಹಟಕ್ಕೆ ಇಲ್ಲಿ ನಾನು ತಲೆ ಬಾಗಿದೆ.

ಪೂರ್ತಿ ಅಲ್ಲ. 2003ರಲ್ಲಿ ಕ್ರಿಸ್ಟೋಫರ್ ಲೋ ಮತ್ತು ಸಂಗಡಿಗರು ಸಮುದ್ರದ ಮರಳಲ್ಲಿ ಬಿಲ ತೋಡುವ ಸ್ಯಾಕೊಗ್ಲಾಸಸ್ ಎಂಬ ಹುಳುವಿನಲ್ಲಿ 22 ಜೀನುಗಳನ್ನು ನೋಡಿದರು. ನಮ್ಮ ಮಿದುಳಿನಿಂದ ಬೆನ್ನುಹುರಿಯವರೆಗೆ ಅವು ಯಾವ ಸಾಲಿನಲ್ಲಿ ಎಚ್ಚೆತ್ತಿರುತ್ತವೋ ಅಲ್ಲೂ ಹೆಚ್ಚುಕಡಿಮೆ ಅದೇ ಸಾಲು. ಆದರೆ ಆ ಹುಳುವಿನಲ್ಲಿ ನಮ್ಮಂಥ ಮಿದುಳೇ ಇಲ್ಲ. ನರಗಳು ಚರ್ಮದ ತುಂಬ ಬಲೆಯಂತೆ ಹರಡಿವೆ. ಅಟ್ಟೆ ಇದೆ, ಬಟ್ಟೆಯೇ ಇಲ್ಲ. ಇಲ್ಲಿಗೆ ಪ್ರಬಂಧ ಮುಗಿಸಿದ್ದರೆ ಗೆದ್ದಂತಾಗುತ್ತಿತ್ತು.

ಆದರೆ ಇಲ್ಲದ್ದು ಮೊದಲಿಂದಲೂ ಇರಲಿಲ್ಲ ಎಂದು ಹೇಗೆ ಹೇಳುವುದು? ಸಿಯೋನಾ ಎಂಬ ಕಡಲಜೀವಿಯ ಮರಿಗೆ ಬಾಲವಿದೆ, ಪುಟ್ಟ ಮಿದುಳಿದೆ. ಬಂಡೆಗೆ ಅಂಟಿಕೊಂಡ ಮೇಲೆ ಬಾಲವೂ ಹೋಗುತ್ತದೆ, ಮರಿಯ ಮಿದುಳಿನ ಬಹುಪಾಲೂ ಕರಗಿಹೋಗುತ್ತದೆ. ಒಂದು ಆಯುಸ್ಸಿನಲ್ಲೇ ಇಷ್ಟು ಕಳಕೊಳ್ಳುವ ಜೀವಿ ಇದ್ದಾಗ, ಕೋಟ್ಯಂತರ ವರ್ಷಗಳಲ್ಲಿ ಒಂದು ವಂಶವೇ ಮಿದುಳನ್ನು ಕಳಕೊಂಡಿರಲಾರದೆಂದು ನಾನು ಯಾವ ಬಾಯಲ್ಲಿ ವಾದಿಸಲಿ?

2018ರಲ್ಲಿ ಮಾರ್ಟಿನ್-ದುರಾನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ, ನರಹುರಿ ಬೇರೆಬೇರೆ ಪ್ರಾಣಿವಂಶಗಳಲ್ಲಿ ಬೇರೆಬೇರೆಯಾಗಿಯೇ ಹುಟ್ಟಿರಬೇಕು ಎಂದು ಬರೆದರು. ನನ್ನ ಪಕ್ಷಕ್ಕೆ ಬಲ ಬಂತು, ನಿಜ. ಆದರೆ ಅವರು ಹೇಳಿದ್ದು ಮುಂಡದ ನರಹುರಿಯ ಬಗ್ಗೆ. ತಲೆಯೊಳಗಿನ ಮಿದುಳಿನ ಪ್ರಶ್ನೆ ಅದರಿಂದ ಇತ್ಯರ್ಥವಾಗಿಲ್ಲ.