ಅನ್ನವಿಕ್ಕುವ ಕೈಯ ಹೊಣೆ

ಬೀದಿಯ ನಾಯಿಗೆ ಒಂದು ತುತ್ತನ್ನಿಕ್ಕುವುದು ಪುಣ್ಯವೆಂದು ಜನರು ತಲೆತಲಾಂತರದಿಂದ ನಂಬಿ ಬಂದಿರುವರು. ಅದೇ ನಾಯಿಯು ನೆರೆಮನೆಯ ಮಗುವನ್ನು ಕಚ್ಚಿದರೆ, ಆ ಕೇಡಿನಲ್ಲಿ ತಮಗೂ ಪಾಲುಂಟೆಂದು ಅನ್ನವಿಕ್ಕಿದವರು ಭಾವಿಸುವುದು ವಿರಳ. ಪುಣ್ಯವು ತನ್ನದು, ಹೊಣೆಯು ಪುರಸಭೆಯದು ಎಂಬ ಈ ಹಂಚಿಕೆಯು ಧರ್ಮಸಮ್ಮತವೆ?

ನಾಯಿಯು ತೋಳನ ಕುಲದಿಂದ ಬಂದುದು. ಮನುಷ್ಯನ ಒಲೆಯ ಬಳಿಗೆ ಸೇರಿದಂದೇ ಅದು ತನ್ನ ಕಾಡನ್ನು ಕಳೆದುಕೊಂಡಿತು. ಕಾಡನ್ನು ಬಿಡಿಸಿದವನೇ ಮನೆಯನ್ನೂ ಕೊಡದಿದ್ದರೆ ಅದಕ್ಕುಳಿಯುವುದು ಬೀದಿಯೊಂದೇ. ಆದುದರಿಂದ ಇದು ನಾಯಿಯ ಸ್ವಭಾವದ ಪ್ರಶ್ನೆಯಲ್ಲ, ಮಾನವನ ಕರ್ತವ್ಯದ ಪ್ರಶ್ನೆ.

1926ರಲ್ಲಿ ಅಹಮದಾಬಾದಿನ ಗಿರಣಿಯ ಒಡೆಯರೊಬ್ಬರು ಸುಮಾರು 60 ನಾಯಿಗಳನ್ನು ಕೊಲ್ಲಿಸಿದರು. ಅಹಿಂಸಾವ್ರತಿಗಳಾದ ಗಾಂಧೀಜಿಯವರು ಅದನ್ನು ಖಂಡಿಸುವರೆಂದು ಹಲವರು ನಿರೀಕ್ಷಿಸಿದ್ದರು. ಅವರಾದರೋ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ, ಅಲ್ಲಿ ಬೇರೆ ದಾರಿಯಿರಲಿಲ್ಲವೆಂದು ಬರೆದರು. ಒಡೆಯನಿಲ್ಲದೆ ಅಲೆಯುವ ನಾಯಿಗಳು ಸಮಾಜದ ಕರುಣೆಗಲ್ಲ, ಅದರ ಉದಾಸೀನತೆಗೆ ಸಾಕ್ಷಿಯೆಂಬುದು ಅವರ ವಾದದ ತಿರುಳು. ಓದುಗರಲ್ಲಿ ಅನೇಕರು ಕೆರಳಿದರು. ಅವರು ಮಾತ್ರ ತಮ್ಮ ಮಾತನ್ನು ಹಿಂದೆಗೆದುಕೊಳ್ಳಲಿಲ್ಲ.

ಅಂದು ಕೊಲ್ಲುವುದು ಅಥವಾ ಸಹಿಸುವುದು ಎಂಬ ಎರಡೇ ದಾರಿಗಳು ಕಾಣುತ್ತಿದ್ದುವು. ಇಂದು ಮೂರನೆಯದೊಂದುಂಟು. 2001ರ ನಿಯಮಗಳೂ, ಅವುಗಳ ಸ್ಥಾನದಲ್ಲಿ ಬಂದ 2023ರ ನಿಯಮಗಳೂ ಈ ಭಾರವನ್ನು ಸ್ಥಳೀಯ ಸಂಸ್ಥೆಗಳ ಮೇಲಿಟ್ಟಿವೆ: ನಾಯಿಯನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ರೇಬೀಸ್ ರೋಗಕ್ಕೆ ಲಸಿಕೆ ಹಾಕಿ, ಹಿಡಿದ ಎಡೆಯಲ್ಲಿಯೇ ಬಿಡತಕ್ಕದ್ದು. ತೆರವಾದ ಬೀದಿಗೆ ಹೊಸ ನಾಯಿಗಳು ಬಂದು ಸೇರುವುದರಿಂದ ಈ ಕ್ರಮ. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರಂದು ದೆಹಲಿಯ ಪ್ರಕರಣದಲ್ಲಿ ಇದೇ ಕ್ರಮವನ್ನು ಎತ್ತಿಹಿಡಿಯಿತು. ಆದರೆ ಹುಚ್ಚು ಹಿಡಿದ ಅಥವಾ ಮೇಲೆರಗುವ ನಾಯಿಗಳನ್ನು ಮರಳಿ ಬಿಡಕೂಡದೆಂದೂ, ನಿಗದಿಯಾದ ಎಡೆಗಳಲ್ಲಿ ಮಾತ್ರವೇ ಅನ್ನವಿಕ್ಕಬೇಕೆಂದೂ ವಿಧಿಸಿತು.

ಆ ನಿರ್ಬಂಧವನ್ನು ನಿರ್ದಯವೆನ್ನುವವರು ಒಂದನ್ನು ನೆನೆಯಬೇಕು. ರೇಬೀಸಿನ ಲಕ್ಷಣಗಳು ತೋರಿದ ಮೇಲೆ ಬದುಕುಳಿಯುವುದು ಅತ್ಯಂತ ವಿರಳ. ಕಾರಿನಲ್ಲಿ ಬಂದು ಅನ್ನವಿಕ್ಕಿ ಹೋಗುವವರಿಗಿಂತ, ನಸುಕಿನಲ್ಲಿ ಹಾಲು ಹಂಚುವ ಹುಡುಗನಿಗೂ ಶಾಲೆಗೆ ನಡೆದು ಹೋಗುವ ಮಗುವಿಗೂ ಆ ಅಪಾಯವು ಹತ್ತಿರ. ತನ್ನ ಕರುಣೆಯ ಬೆಲೆಯನ್ನು ಪರರ ಮಗುವಿನಿಂದ ತೆರಿಸುವುದು ಕರುಣೆಯೆನಿಸಲಾರದು.

ಹಾಗೆಂದು ದೋಷವೆಲ್ಲ ಅನ್ನವಿಕ್ಕುವವರದೇ ಅಲ್ಲ. ಮುದ್ದಿಗಾಗಿ ಮರಿಯನ್ನು ತಂದು, ಅದು ಬೆಳೆದು ಬೇಸರವಾದೊಡನೆ ಊರ ಹೊರಗೆ ಬಿಟ್ಟುಬರುವವರ ಅಪರಾಧವು ಇನ್ನೂ ಘೋರವಾದುದು. ಸಾಕಿದ ಪ್ರಾಣಿಯು ಹಸಿವು ನೀರಡಿಕೆಗಳಿಂದ ನರಳುವಂತೆ ಕಾರಣವಿಲ್ಲದೆ ತೊರೆಯುವುದನ್ನು 1960ರ ಕಾಯಿದೆಯೇ ಅಪರಾಧವೆಂದಿದೆ.

ಮಹಾಪ್ರಸ್ಥಾನದಲ್ಲಿ ಧರ್ಮರಾಯನು ತನ್ನನ್ನು ಹಿಂಬಾಲಿಸಿದ ನಾಯಿಯನ್ನು ಬಿಟ್ಟು ಸ್ವರ್ಗವನ್ನೇರಲು ಒಪ್ಪಲಿಲ್ಲ. ಅಲ್ಲಿ ಮೆಚ್ಚತಕ್ಕದ್ದು ನಾಯಿಯ ಮೇಲಣ ಮೋಹವಲ್ಲ. ನಂಬಿ ಬಂದುದನ್ನು ಕೈಬಿಡೆನೆಂಬ ನಿಶ್ಚಯ. ಲಸಿಕೆ ಹಾಕಿಸುವುದು, ಸಂತಾನವನ್ನು ಮಿತಗೊಳಿಸುವುದು, ಪರವಾನಗಿ ಪಡೆಯುವುದು, ಮುಪ್ಪಿನಲ್ಲಿಯೂ ನೋಡಿಕೊಳ್ಳುವುದು—ಇವು ಆ ನಿಶ್ಚಯದ ಇಂದಿನ ರೂಪಗಳು. ಇಷ್ಟಕ್ಕೆ ಶಕ್ತಿಯಿಲ್ಲದವನು ಪ್ರಾಣಿಯನ್ನು ಸಾಕದಿರುವುದೂ ದಯೆಯೇ. ತುತ್ತು ಕೊಡುವುದು ಒಂದು ಗಳಿಗೆಯ ಕೆಲಸ; ಹೊಣೆ ಹೊರುವುದು ಆ ಪ್ರಾಣಿಯ ಆಯುಷ್ಯದಷ್ಟು ದೀರ್ಘವಾದುದು.