ಅವಧಾನಭಕ್ತಿಯೂ ಉಣ್ಣಲೊಲ್ಲದ ಆಮೆಯ ಮರಿಯೂ

ಷಟ್‌ಸ್ಥಲ ಮಾರ್ಗದಲ್ಲಿ ಒಂದೊಂದು ಸ್ಥಲಕ್ಕೂ ಒಂದೊಂದು ಭಕ್ತಿಯನ್ನು ಹಿರಿಯರು ನಿಯಮಿಸಿರುವರು. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಇವುಗಳಲ್ಲಿ ಶ್ರದ್ಧೆ ನಿಷ್ಠೆಗಳ ಅರ್ಥವು ಕೇಳಿದೊಡನೆ ತಿಳಿಯುತ್ತದೆ. ಅವಧಾನವೆಂಬ ಮಾತಿನ ಬಳಿಗೆ ಬಂದಾಗ ಮಾತ್ರ ಅನೇಕರು ತಡೆದು ನಿಲ್ಲುತ್ತಾರೆ. ಪ್ರಸಾದಿಸ್ಥಲವು ಅನ್ನಕ್ಕೆ ಸಂಬಂಧಪಟ್ಟುದು. ಅರ್ಪಿಸಿ ಸ್ವೀಕರಿಸುವುದೇ ಅಲ್ಲಿಯ ಆಚಾರ. ಅನ್ನವಿರುವೆಡೆಯಲ್ಲಿ ಪ್ರೀತಿಯೊಂದಿದ್ದರೆ ಸಾಲದೆ? ಎಚ್ಚರಿಕೆಯನ್ನು ಭಕ್ತಿಯ ಹೆಸರಿನಿಂದ ಕರೆಯಬೇಕಾದ ಕಾರಣವೇನು? ಈ ಪ್ರಶ್ನೆಗೆ ಉತ್ತರವಾಗಿ ಅಂಗೈಯಷ್ಟೂ ಅಗಲವಿಲ್ಲದ ಒಂದು ಜೀವಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಬಸವಣ್ಣನವರ ಹೆಸರನ್ನೇ ಹೊತ್ತ ಬಸವೇಶ್ವರನಗರದಲ್ಲಿ ಒಂದು ಮನೆಯಿದೆಯೆಂದು ಇಟ್ಟುಕೊಳ್ಳಬಹುದು. ಮನೆಯಲ್ಲಿ ತಂದೆ, ತಾಯಿ, ಅಜ್ಜಿ ಮತ್ತು ಹತ್ತು ವರ್ಷದ ಒಬ್ಬ ಹುಡುಗಿ. ಬಂಧುವೊಬ್ಬನು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಆಮೆಯ ಮರಿಯೊಂದನ್ನು ತಂದುಕೊಟ್ಟು, "ಆಮೆಯಿದ್ದ ಮನೆಯಲ್ಲಿ ಲಕ್ಷ್ಮಿ ನೆಲೆಸುವಳು" ಎಂದು ಹೇಳಿಹೋಗುತ್ತಾನೆ. ಕಪ್ಪು ಚಿಪ್ಪು, ಅದರ ಮೇಲೆ ಒಂದೊಂದು ಉಬ್ಬಿನ ನಡುವಿನಿಂದಲೂ ಹಳದಿಯ ಗೆರೆಗಳು ನಕ್ಷತ್ರದ ಕಿರಣಗಳಂತೆ ಚೆಲ್ಲಿವೆ. ಹುಡುಗಿಗೆ ಹಿಗ್ಗೋ ಹಿಗ್ಗು. ಮರಿಯು ಬಚ್ಚಲ ಪಕ್ಕದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ವಾಸಮಾಡತೊಡಗುತ್ತದೆ. ಎರಡು ದಿನ ಏನನ್ನೋ ಕಚ್ಚುತ್ತದೆ. ಮೂರನೆಯ ದಿನದಿಂದ ಬಾಯಿ ತೆರೆಯುವುದಿಲ್ಲ.

ಆಗ ಮನೆಯವರೆಲ್ಲರೂ ತಮ್ಮ ತಮ್ಮ ಪ್ರೀತಿಯನ್ನು ಪ್ರಯೋಗಿಸುತ್ತಾರೆ. ಅಜ್ಜಿಯು ಹಾಲಿನಲ್ಲಿ ಅನ್ನವನ್ನು ಕಿವುಚಿ ಮೂತಿಗೆ ಹಿಡಿದು, "ಒಂದು ಅಗುಳಾದರೂ ತಿನ್ನು, ಕಂದ" ಎನ್ನುತ್ತಾಳೆ. ತಾಯಿಯು ಸೌತೆಕಾಯಿಯನ್ನು ಹೆಚ್ಚಿ ಇಡುತ್ತಾಳೆ. ತಂದೆಯು ಬ್ರೆಡ್ಡಿನ ಚೂರನ್ನು ನೆನೆಸಿ, ಹಲ್ಲುಕಡ್ಡಿಯಿಂದ ಬಾಯಿಯನ್ನು ಬಿಡಿಸಲು ನೋಡುತ್ತಾನೆ. ಮರಿಯು ತಲೆಯನ್ನು ಒಳಕ್ಕೆಳೆದುಕೊಂಡು ಮುಂಗಾಲುಗಳಿಂದ ಬಾಗಿಲು ಹಾಕಿಕೊಳ್ಳುತ್ತದೆ. "ಅಜ್ಜಿ, ಇದಕ್ಕೆ ನಮ್ಮ ಮೇಲೆ ಕೋಪವೇ?" ಎಂದು ಹುಡುಗಿಯು ಕೇಳುತ್ತಾಳೆ. ಮನೆಯವರ ಪ್ರೀತಿಯಲ್ಲಿ ಯಾವ ಕೊರತೆಯೂ ಇಲ್ಲ. ಆದರೂ ಜೀವವು ಕುಂದುತ್ತಿದೆ. ಕೊರತೆಯಿರುವುದು ಎಲ್ಲಿ?

ಆಮೆಯು ತನ್ನ ಮೈಯ ಶಾಖವನ್ನು ತಾನೇ ಹುಟ್ಟಿಸಿಕೊಂಡು ಕಾಪಾಡಿಕೊಳ್ಳಲಾರದ ಪ್ರಾಣಿ. ಹೊರಗಿನ ಬಿಸಿಲೇ ಅದಕ್ಕೆ ಒಳಗಿನ ಜಠರಾಗ್ನಿ. ಮೈ ಬೆಚ್ಚಗಾಗಿ ಸುಮಾರು ಮೂವತ್ತು ಡಿಗ್ರಿ ಸೆಂಟಿಗ್ರೇಡಿನ ಹತ್ತಿರಕ್ಕೆ ಬಂದಾಗ ಅದಕ್ಕೆ ಹಸಿವು ಹುಟ್ಟುತ್ತದೆ, ತಿಂದುದು ಅರಗುತ್ತದೆ. ಬೆಂಗಳೂರಿನ ಪುಷ್ಯಮಾಸದ ರಾತ್ರಿಗಳಲ್ಲಿ ಶಾಖವು ಹದಿನೈದರ ಸುಮಾರಿಗೆ ಇಳಿಯುತ್ತದೆ. ಬಚ್ಚಲ ಪಕ್ಕದ ನೆಲವಂತೂ ಹಗಲಿನಲ್ಲಿಯೂ ತಣ್ಣಗಿರುತ್ತದೆ. ಮೈ ತಣಿದ ಆಮೆಗೆ ಅನ್ನವು ಬೇಡವಾಗುವುದು ಹಟವಲ್ಲ, ಅದರ ದೇಹಧರ್ಮ. ಬಲವಂತದಿಂದ ತುರುಕಿದರೆ ಆ ಆಹಾರವು ಅರಗದೆ ಕರುಳಿನಲ್ಲಿ ಕೊಳೆಯುತ್ತದೆ, ಇಲ್ಲವೆ ಶ್ವಾಸನಾಳಕ್ಕೆ ಇಳಿದು ಪ್ರಾಣವನ್ನೇ ತೆಗೆಯುತ್ತದೆ. ಕಿಟಕಿಯ ಗಾಜಿನ ಹಿಂದೆ ಇಟ್ಟ ಬಿಸಿಲೂ ಸಾಲದು. ಎಲುಬನ್ನೂ ಚಿಪ್ಪನ್ನೂ ಗಟ್ಟಿಮಾಡುವ ಅತಿನೇರಳೆ ಕಿರಣಗಳ ಬಹುಭಾಗವನ್ನು ಗಾಜು ತಡೆದುಬಿಡುತ್ತದೆ. ಆ ಕಿರಣಗಳೂ ಸುಣ್ಣದ ಅಂಶವೂ ದೊರೆಯದ ಮರಿಯ ಚಿಪ್ಪು ಬೆರಳಿಗೆ ಮೆತ್ತಗಾಗುತ್ತದೆ. ಇನ್ನು ಹಾಲು, ಅನ್ನ, ಬ್ರೆಡ್ಡುಗಳು ಹುಲ್ಲುಸೊಪ್ಪುಗಳನ್ನು ಮೇಯುವ ಈ ಜೀವಿಯ ಆಹಾರವೇ ಅಲ್ಲ.

ಅಜ್ಜಿಯು ನೀಡಿದ್ದು ತನಗೆ ಪ್ರಿಯವಾದುದನ್ನು. ಮರಿಗೆ ಬೇಕಾಗಿದ್ದುದು ಬೇರೆ. ಪ್ರೀತಿಗೂ ಅವಧಾನಕ್ಕೂ ಇರುವ ಅಂತರವು ಇಲ್ಲಿ ಕಾಣುತ್ತದೆ. ಪ್ರೀತಿಯು "ನಾನೇನು ಕೊಡಲಿ?" ಎಂದು ಕೇಳುತ್ತದೆ. ಅವಧಾನವು "ಇದಕ್ಕೇನು ಬೇಕು?" ಎಂದು ಕೇಳುತ್ತದೆ. ಮೊದಲನೆಯ ಪ್ರಶ್ನೆಯ ನಡುವೆ 'ನಾನು' ಎಂಬುದು ಕುಳಿತಿದೆ. ಅದನ್ನು ಮೆಲ್ಲಗೆ ಎಬ್ಬಿಸಿ ಆ ಜಾಗದಲ್ಲಿ ಎದುರಿನ ಜೀವವನ್ನು ಕೂರಿಸುವುದೇ ಅವಧಾನಭಕ್ತಿ. ಲಿಂಗಕ್ಕೆ ಅರ್ಪಿಸುವಾಗ ಪದಾರ್ಥದ ರೂಪವನ್ನೂ ರುಚಿಯನ್ನೂ ತಾನು ಮುಂಚೆ ಅನುಭವಿಸದಂತೆ ಎಚ್ಚರವಹಿಸುವ ಪ್ರಸಾದಿಯು, ಕೊಡುವುದರಲ್ಲಿ ತನ್ನ ಸುಖವು ಮುಂದಾಗದಂತೆ ನೋಡಿಕೊಳ್ಳುತ್ತಾನೆ. ಆಮೆಯ ಮರಿಯ ಮುಂದೆ ಕುಳಿತವನು ಕಲಿಯಬೇಕಾದುದೂ ಅದನ್ನೇ.

ಅವಧಾನವಿದ್ದಲ್ಲಿ ಉಪಚಾರದ ಕ್ರಮವು ತಾನಾಗಿ ತಿಳಿಯುತ್ತದೆ. ಮೊದಲು ಶಾಖ, ಆಮೇಲೆ ನೀರು, ಕೊನೆಗೆ ಅನ್ನ. ಮರಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಗದ್ದಲವಿಲ್ಲದ ಬೆಚ್ಚನೆಯ ಎಡೆಯಲ್ಲಿರಿಸಬೇಕು. ಬೆಳಗಿನ ಎಳೆಬಿಸಿಲಿಗೆ ಒಯ್ದರೆ, ಬೇಡವಾದಾಗ ಸರಿಯಲು ಪಕ್ಕದಲ್ಲಿಯೇ ನೆರಳಿರಬೇಕು. ಕಾಗೆ ಬೆಕ್ಕುಗಳಿಗೆ ಎಟುಕದಂತೆ ಕಾವಲಿರಬೇಕು. ಗದ್ದವು ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಳಿಬಿಟ್ಟರೆ ಬಾಯಾರಿದ ಮರಿಯು ತಾನಾಗಿಯೇ ಕುಡಿಯುತ್ತದೆ. ಆ ಬಳಿಕವೇ ಗರಿಕೆ, ದಾಸವಾಳದ ಎಲೆಗಳಂತಹ ಸೊಪ್ಪನ್ನು ಎದುರಿಗಿಟ್ಟು, ಇಟ್ಟವನು ದೂರ ಸರಿಯಬೇಕು. ಮೂಗಿನಲ್ಲಿ ಗುಳ್ಳೆ, ಊದಿದ ರೆಪ್ಪೆ, ಬಾಯಿ ತೆರೆದು ಏದುವುದು, ಇವುಗಳಲ್ಲಿ ಒಂದು ಕಂಡರೂ ಅದು ಮನೆಯಲ್ಲಿ ಗುಣವಾಗುವ ವ್ಯಾಧಿಯಲ್ಲ. ವನ್ಯಜೀವಿಗಳನ್ನು ಬಲ್ಲ ಪಶುವೈದ್ಯನ ಕೈಗೆ ತಡಮಾಡದೆ ಸೇರಿಸಬೇಕು. ನಳಿಗೆಯಿಂದ ಆಹಾರವನ್ನಿಳಿಸುವುದೂ ಔಷಧವನ್ನು ಚುಚ್ಚುವುದೂ ಆತನ ಕಾಯಕ, ಮನೆಯವರ ಸಾಹಸವಲ್ಲ.

ಶಾಸ್ತ್ರದಲ್ಲಿ ಒಂದು ಹಳೆಯ ಉಪಮಾನವಿದೆ. ಮೀನು ನೋಟದಿಂದಲೂ, ಆಮೆ ನೆನಹಿನಿಂದಲೂ, ಹಕ್ಕಿ ಸ್ಪರ್ಶದಿಂದಲೂ ಮರಿಗಳನ್ನು ಬೆಳೆಸುವಂತೆ ಗುರುವು ಶಿಷ್ಯನನ್ನು ಬೆಳೆಸುವನೆಂದು ಹೇಳುವುದುಂಟು. ಪ್ರಾಣಿಶಾಸ್ತ್ರವನ್ನು ಬಲ್ಲವರು ಆಮೆಯ ವಿಷಯದಲ್ಲಿ ಬೇರೊಂದು ಸಂಗತಿಯನ್ನು ಹೇಳುತ್ತಾರೆ. ತಾಯಿ ಆಮೆಯು ನೆಲವನ್ನು ತೋಡಿ, ಮೊಟ್ಟೆಗಳನ್ನಿಟ್ಟು, ಮಣ್ಣುಮುಚ್ಚಿ ಹೊರಟುಹೋಗುತ್ತದೆ, ಮರಳಿ ಬರುವುದಿಲ್ಲ. ಕೆಲವು ತಿಂಗಳ ಮೇಲೆ ಒಡೆದು ಹೊರಬರುವ ಮರಿಗೆ ತಾಯ ಮುಖವೂ ಗೊತ್ತಿಲ್ಲ. ಇದರಿಂದ ಉಪಮಾನದ ಹುರುಳು ಕೆಡುವುದಿಲ್ಲ. ಅದು ಗುರುಕೃಪೆಯನ್ನು ತಿಳಿಸಲು ಹೇಳಿದುದೇ ಹೊರತು ಆಮೆಯ ಸಾಕಣೆಯನ್ನು ಕಲಿಸಲು ಹೇಳಿದುದಲ್ಲ. ಆದರೆ ಹೊಸ ತಿಳಿವಳಿಕೆಯಿಂದ ಭಕ್ತನಿಗೆ ಇನ್ನೊಂದು ಬೋಧೆ ದೊರೆಯುತ್ತದೆ. ಆ ಮರಿಯನ್ನು ಕಾದುದು ಮಣ್ಣಿನ ಬಿಸುಪು, ಬೆಳೆಸುವುದು ಬಿಸಿಲು, ಉಣಿಸುವುದು ಕುರುಚಲು ಕಾಡಿನ ಹುಲ್ಲು. ಅದು ಅನಾಥವಾಗಿರಲಿಲ್ಲ, ಇದ್ದೆಡೆಯಿಂದ ಕಿತ್ತು ತಂದಾಗಲೇ ಅನಾಥವಾಯಿತು.

ಹಾಗಾದರೆ ಅದನ್ನು ಕಿತ್ತು ತಂದವರಾರು? ದೃಷ್ಟಾಂತದ ಮರಿಯು ನಕ್ಷತ್ರ ಆಮೆ. ದಕ್ಷಿಣ ಭಾರತದ ಒಣಪ್ರದೇಶಗಳು, ಗುಜರಾತ್ ರಾಜಸ್ಥಾನಗಳು, ಶ್ರೀಲಂಕೆ ಮತ್ತು ಪಾಕಿಸ್ತಾನದ ಆಗ್ನೇಯ ಭಾಗ ಇದರ ತೌರು. ಚೆಲುವೇ ಇದಕ್ಕೆ ಶತ್ರುವಾಯಿತು. ಆಂಧ್ರಪ್ರದೇಶದ ಒಂದೇ ಒಂದು ವ್ಯಾಪಾರದ ನೆಲೆಯಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಕಾಡಿನಿಂದ ಹಿಡಿಯಲ್ಪಡುತ್ತಿದ್ದುವೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿತು. 2019ರಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳ ಸಮ್ಮೇಳನವು ಇದರ ಅಂತರರಾಷ್ಟ್ರೀಯ ವಾಣಿಜ್ಯವನ್ನು ನಿಷೇಧಿಸಿತು. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯು ಇದನ್ನು ಮೊದಲನೆಯ ಅನುಸೂಚಿಗೆ ಏರಿಸಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹುಲಿ ಆನೆಗಳಿಗಿರುವ ರಕ್ಷಣೆಯೇ ಈ ಪುಟ್ಟ ಜೀವಿಗೂ ಇದೆ. ಮನೆಯಲ್ಲಿ ಸಾಕುವುದು ಅಪರಾಧ.

ಬಂಧುವಿನ ಮಾತಿನಂತೆ ಲಕ್ಷ್ಮಿಯನ್ನು ಬಯಸಿ ಒಂದು ಮರಿಯನ್ನು ಕೊಳ್ಳುವ ಪ್ರತಿಯೊಂದು ಮನೆಯೂ ಇನ್ನೊಂದು ಮರಿಯನ್ನು ಕಾಡಿನಿಂದ ಕೀಳಿಸುತ್ತದೆ. ಸಿರಿಯು ಬರುವುದು ಕಾಯಕದಿಂದ. ಆ ಸಿರಿಯು ಶುದ್ಧವಾಗುವುದು ದಾಸೋಹದಿಂದ. ತೊಟ್ಟಿಯಲ್ಲಿ ನಡುಗುತ್ತ ಕುಳಿತ ಮೂಕಜೀವಿಯ ಬೆನ್ನಮೇಲೆ ಮನೆಯ ಭಾಗ್ಯವನ್ನು ಹೇರುವುದು ಶರಣರು ಖಂಡಿಸಿದ ಮೌಢ್ಯಗಳ ಸಾಲಿಗೇ ಸೇರಿದುದು. ದಯೆಯನ್ನು ಧರ್ಮಕ್ಕೆ ಬೇರೆಂದು ಸಾರಿದ ಬಸವಣ್ಣನವರು ಅದನ್ನು ಮನುಷ್ಯಮಾತ್ರಕ್ಕೆ ಸೀಮಿತಗೊಳಿಸಲಿಲ್ಲ.

ಈಗ ಆ ಮನೆಗೆ ನಿಜವಾದ ಪರೀಕ್ಷೆ ಬಂದಿದೆ. ತನು ಮನ ಧನಗಳನ್ನು ಅರ್ಪಿಸಬೇಕೆಂಬುದು ಎಲ್ಲರೂ ಕೇಳಿದ ಮಾತು. ಹುಡುಗಿಯು ನಿದ್ದೆಗೆಟ್ಟು ಕುಳಿತು ತನುವನ್ನು ಕೊಟ್ಟಿದ್ದಾಳೆ, ಮನವನ್ನು ಆಗಲೇ ಕೊಟ್ಟಿದ್ದಾಳೆ. ತಂದೆಯು ಧನವನ್ನು ಕೊಡಲು ಸಿದ್ಧನಿದ್ದಾನೆ. ಉಳಿದಿರುವುದು ಒಂದೇ: 'ನನ್ನದು' ಎಂಬ ಮಮಕಾರ. ಮರಿಯು ಸ್ವಲ್ಪ ಚೇತರಿಸಿಕೊಂಡರೆ ಇಟ್ಟುಕೊಳ್ಳೋಣವೆಂಬ ಆಸೆ ಒಂದು ಕಡೆ, ಒಪ್ಪಿಸಲು ಹೋದರೆ ಪ್ರಶ್ನೆಗಳೇಳುವುವೆಂಬ ಅಂಜಿಕೆ ಇನ್ನೊಂದು ಕಡೆ. ಇವೆರಡರ ನಡುವೆ ದಿನಗಳು ಕಳೆಯುತ್ತವೆ. ಉಣ್ಣದ ಜೀವಿಗಾದರೋ ಕಳೆಯಲು ದಿನಗಳಿಲ್ಲ. ಅಂಜಿಕೆಯಿಂದ ರಾತ್ರಿಯ ಹೊತ್ತು ಹತ್ತಿರದ ಉದ್ಯಾನದಲ್ಲೋ ಕೆರೆಯಲ್ಲೋ ಬಿಟ್ಟುಬರುವುದು ದಯೆಯಲ್ಲ. ನೆಲದ ಆಮೆಯು ಕೆರೆಯಲ್ಲಿ ಮುಳುಗಿಸಾಯುತ್ತದೆ. ಉದ್ಯಾನದಲ್ಲಿ ನಾಯಿಗೆ ತುತ್ತಾಗುತ್ತದೆ. ಬದುಕಿದರೂ ತನ್ನ ರೋಗವನ್ನು ಇತರ ಜೀವಿಗಳಿಗೆ ಹಂಚುತ್ತದೆ.

ಯೋಗ್ಯವಾದ ದಾರಿಯು ದೂರದಲ್ಲಿಲ್ಲ. ಅದೇ ಪಶ್ಚಿಮ ಬೆಂಗಳೂರಿನ ಕೆಂಗೇರಿಯಲ್ಲಿ, ಉತ್ತರಹಳ್ಳಿಯ ರಸ್ತೆಯಲ್ಲಿ, ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ಗಾಳಿಪಟದ ದಾರಕ್ಕೆ ಸಿಕ್ಕ ಹದ್ದು, ಗಾಯಗೊಂಡ ಹಾವು, ಚಿಪ್ಪೊಡೆದ ಆಮೆಗಳಂತಹ ನಗರದ ಮೂಕರೋಗಿಗಳಿಗೆ ಅದು ಆಶ್ರಯ. ಅರಣ್ಯ ಇಲಾಖೆಗೂ ತಿಳಿಸಬಹುದು. ಮುಚ್ಚಿಟ್ಟವನಿಗಿಂತ ತಾನಾಗಿ ಒಪ್ಪಿಸುವವನ ದಾರಿ ಹಗುರ; ಸತ್ಯವನ್ನು ನುಡಿಯುವವನಿಗೆ ನೆನಪಿಟ್ಟುಕೊಳ್ಳಬೇಕಾದ ಸುಳ್ಳುಗಳಿರುವುದಿಲ್ಲ.

ಒಪ್ಪಿಸಿದ ಜೀವಗಳು ಮರಳಿ ನೆಲೆ ಕಾಣುವುದುಂಟೆ? ಸಮುದ್ರದಾಚೆಯಿಂದಲೂ ಮರಳಿ ಬಂದವು. ಸಿಂಗಪುರಕ್ಕೆ ಕಳ್ಳತನದಲ್ಲಿ ಸಾಗಿಸಲ್ಪಟ್ಟು ಅಲ್ಲಿ ವಶಪಡಿಸಿಕೊಳ್ಳಲ್ಪಟ್ಟಿದ್ದ 51 ನಕ್ಷತ್ರ ಆಮೆಗಳನ್ನು ಅಲ್ಲಿಯ ಪ್ರಾಣಿದಯಾ ಸಂಸ್ಥೆಯಾದ ಏಕ್ರೆಸ್ ಸಲಹಿತು. ಅದೂ, ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯೂ, ಕರ್ನಾಟಕದ ಅರಣ್ಯ ಇಲಾಖೆಯೂ ಕೂಡಿ 2018ರ ನವೆಂಬರಿನಲ್ಲಿ ಅವುಗಳನ್ನು ವಿಮಾನದಲ್ಲಿ ಕರ್ನಾಟಕಕ್ಕೆ ತಂದವು. ಹಾಗೆ ಬಂದವುಗಳನ್ನು ಕೂಡಲೇ ಕಾಡಿಗೆ ಬಿಡುವ ಪದ್ಧತಿಯಿಲ್ಲ; ರೋಗವಿದೆಯೇ ಎಂದು ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ, ಕಾಡಿನ ಬಾಳಿಗೆ ಮೆಲ್ಲಮೆಲ್ಲನೆ ಹೊಂದಿಸುತ್ತಾರೆ. ಹಾಗೆ ಸಲಹಿದವರ ಹೆಸರನ್ನು ಆ ಆಮೆಗಳು ಅರಿಯವು. ಅರಿಯದವರಿಗೆ ಮಾಡಿದ ಸೇವೆಯೇ ಕಾಮನೆಯಿಲ್ಲದ ಸೇವೆ.

ದೃಷ್ಟಾಂತದ ಹುಡುಗಿಯು ಮರಿಯನ್ನು ಕೆಂಗೇರಿಗೆ ಒಪ್ಪಿಸಿ ಬರುತ್ತಾಳೆ. ಬರುವಾಗ ಕಣ್ಣೀರಿಡುತ್ತಾಳೆ, ಅಜ್ಜಿಯು ಅವಳ ತಲೆ ನೇವರಿಸುತ್ತಾಳೆ. ಒಂಬತ್ತನೆಯ ದಿನ, ಮೈ ಬೆಚ್ಚಗಾದ ಒಂದು ಹೊತ್ತಿನಲ್ಲಿ, ಆ ಮರಿಯು ಕತ್ತನ್ನು ಚಾಚಿ ಎಲೆಯ ಅಂಚನ್ನು ಕಚ್ಚಿತೆಂದು ಇಟ್ಟುಕೊಳ್ಳಬಹುದು. ಅಥವಾ ಅಷ್ಟು ದಿನಗಳ ಬಳಲಿಕೆಯಿಂದ ಉಳಿಯದೆ ಹೋಯಿತೆಂದೂ ಇಟ್ಟುಕೊಳ್ಳಬಹುದು. ಹುಡುಗಿಯು ಅದನ್ನು ಕಾಣಳು. ಉಂಡರೆ ಆ ಮೊದಲ ತುತ್ತಿನ ಸಂತೋಷವು ಅವಳ ಪಾಲಿಗಿಲ್ಲ. ಉಣ್ಣದಿದ್ದರೆ ಅವಳು ಮಾಡಿದುದು ವ್ಯರ್ಥವೂ ಅಲ್ಲ. ನೀಡುವುದಷ್ಟೇ ಅವಳದು, ಉಣ್ಣುವುದು ಆ ಜೀವದ್ದು, ಉಳಿಸುವುದು ಶಿವನದು. ಇದನ್ನರಿತು ಕೈ ತೆರೆದಾಗ, ಹೆಸರು ತಿಳಿಯದಿದ್ದರೂ ಅವಳು ಅವಧಾನಭಕ್ತಿಯ ಹೊಸ್ತಿಲಲ್ಲಿ ನಿಂತಿದ್ದಾಳೆ.

ಉಣ್ಣಲೊಲ್ಲದ ರೋಗಿ, ಮಾತನಾಡಲೊಲ್ಲದ ಮಗ, ಮುನಿದು ಕುಳಿತ ಮುದಿತಂದೆ, ಇಂಥವರು ಎಲ್ಲರ ಮನೆಗಳಲ್ಲಿಯೂ ಇರುತ್ತಾರೆ. ಅವರ ಬಾಯಿಗೆ ತನ್ನ ಪ್ರೀತಿಯನ್ನು ತುರುಕುವ ಮುನ್ನ ಸದ್ಭಕ್ತನು ಒಂದು ಗಳಿಗೆ ಸುಮ್ಮನೆ ಕುಳಿತು, ಇಲ್ಲಿ ಕೊರತೆಯಾಗಿರುವುದು ಅನ್ನವೋ ಬೆಚ್ಚನೆಯ ನೆಲೆಯೋ ಎಂದು ನೋಡಲಿ. ಸಕಲ ಜೀವಿಗಳಿಗೂ ಲೇಸಾಗಲಿ.