ತೂತಿಲ್ಲದೆ ಇಳಿಯುವ ಗಾಳಿ

ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಸೈಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಎರಡೂ ಚಕ್ರಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ನನಗೆ ಬಹಳ ವರ್ಷಗಳ ರೂಢಿ. ಕಳೆದ ವಾರ ಕಲ್ಲಿನಂತೆ ಬಿಗಿಯಾಗಿದ್ದ ಟೈರು ಈಗ ಬೆರಳಿಗೆ ತುಸು ಒಳಗಾಗುತ್ತದೆ. ಮುಳ್ಳು ನಾಟಿಲ್ಲ, ಗಾಜು ಚುಚ್ಚಿಲ್ಲ; ಟ್ಯೂಬು ಬಿಚ್ಚಿ ನೀರಿನ ಬಾಂಡಲಿಯಲ್ಲಿ ಮುಳುಗಿಸಿದರೂ ಒಂದು ಗುಳ್ಳೆ ಏಳುವುದಿಲ್ಲ. ಆದರೂ ಗಾಳಿ ಇಳಿದಿದೆ. ಹುಡುಗನಾಗಿದ್ದಾಗ ಇದು ನನಗೆ ದೊಡ್ಡ ಒಗಟಾಗಿತ್ತು. ನಮ್ಮ ಬೀದಿಯ ಸೈಕಲ್ ಶಾಪಿನ ಹಿರಿಯರನ್ನು ಕೇಳಿದ್ದೆ. ಅವರು ಉಪ್ಪುಕಾಗದದಿಂದ ಯಾವುದೋ ಟ್ಯೂಬನ್ನು ಉಜ್ಜುತ್ತ, ತಲೆ ಎತ್ತದೆಯೇ, "ರಬ್ಬರು ಉಸಿರು ಬಿಡುತ್ತೆ ಕಣಪ್ಪ, ಅದಕ್ಕೆ ತೂತೇ ಆಗಬೇಕು ಅಂತೇನಿಲ್ಲ" ಎಂದಿದ್ದರು. ಅವರ ಮಾತು ವಿಜ್ಞಾನಕ್ಕೂ ಸಮ್ಮತವೆಂದು ಮುಂದೆ ತಿಳಿಯಿತು. ಒತ್ತಡದಲ್ಲಿರುವ ಗಾಳಿ ರಬ್ಬರಿನ ಅಣುಗಳ ನಡುವಿನ ಅತಿ ಸೂಕ್ಷ್ಮ ಎಡೆಗಳಿಂದ ದಿನವೂ ಇಷ್ಟಿಷ್ಟೇ ಹೊರಗೆ ಹೋಗುತ್ತಿರುತ್ತದೆ. ಗಾಯವಾಗದೆಯೂ ಕಳೆದುಕೊಳ್ಳಬಹುದು ಎಂಬುದನ್ನು ನಾನು ಕಲಿತದ್ದು ಹಾಗೆ, ಎಣ್ಣೆ ಮೆತ್ತಿದ ಒಂದು ಅಂಗಡಿಯ ಹೊಸ್ತಿಲಲ್ಲಿ. ಕಲಿತೆನೇನೋ ನಿಜ, ಅರ್ಥವಾಗಲು ಅರ್ಧ ಆಯುಷ್ಯ ಬೇಕಾಯಿತು.

ಈ ಗಾಳಿ ಸೈಕಲ್ಲಿನ ಹುಟ್ಟಿನೊಂದಿಗೇ ಬಂದದ್ದಲ್ಲ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತ ಹೊರತಂದ ಮರದ ವಾಹನಕ್ಕೆ ಪೆಡಲೂ ಇರಲಿಲ್ಲ. ಸವಾರ ನೆಲವನ್ನು ಕಾಲಿನಿಂದ ಒದೆಯುತ್ತ ಸಾಗಬೇಕಿತ್ತು. ಆಮೇಲೆ ಪೆಡಲು ಬಂತು, ಕಬ್ಬಿಣದ ಪಟ್ಟಿ ಬಿಗಿದ ಗಾಲಿ ಬಂತು, ಗಟ್ಟಿ ರಬ್ಬರಿನ ಗಾಲಿ ಬಂತು. ರಸ್ತೆಯ ಪ್ರತಿಯೊಂದು ಕಲ್ಲೂ ಸವಾರನ ಬೆನ್ನುಮೂಳೆಗೆ ತಿಳಿಯುತ್ತಿದ್ದ ಕಾಲ ಅದು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಪುಟ್ಟ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಸುತ್ತಿ ಕಟ್ಟಿದ. ಅದಕ್ಕೂ ಮೊದಲೇ, 1845ರಲ್ಲಿ, ಮತ್ತೊಬ್ಬರಿಗೆ ಇದೇ ಯೋಚನೆ ಹೊಳೆದು ಹಕ್ಕುಪತ್ರವೂ ದೊರೆತಿತ್ತು. ಆದರೆ ಲೋಕಕ್ಕೆ ಅದು ಬಳಕೆಯಾದದ್ದು ಒಬ್ಬ ತಂದೆ ಮಗನ ಮೈನೋವು ಕಂಡು ಮರುಗಿದಾಗ. ಅಂದಿನಿಂದ ಇಂದಿನವರೆಗೆ ಸೈಕಲ್ ಸವಾರಿಯ ಸುಖವೆಲ್ಲ ನಿಂತಿರುವುದು ಆ ಕೊಳವೆಯೊಳಗಿನ ಗಾಳಿಯ ಮೇಲೆ. ನಿಲ್ಲದಿರುವುದೇ ಸ್ವಭಾವವಾದ ವಸ್ತುವಿನ ಮೇಲೆ ಮನುಷ್ಯ ತನ್ನ ಸುಖವನ್ನು ಕಟ್ಟಿಕೊಂಡ. ಅದನ್ನು ವಾರಕ್ಕೊಮ್ಮೆ ತುಂಬುವ ಕೆಲಸವನ್ನೂ ಜೊತೆಗೇ ಒಪ್ಪಿಕೊಂಡ.

ಭಾನುವಾರ ಬೆಳಗಿನ ಜಾವ ನಾನು ಹೋಗುವುದು ಮೈಸೂರಿನಿಂದ ಶ್ರೀರಂಗಪಟ್ಟಣದ ಕಡೆಗೆ. ಹದಿನೈದು ಹದಿನಾರು ಕಿಲೋಮೀಟರಿನ ದಾರಿ, ಒಂದು ಗಂಟೆಯ ಪಯಣ. ಊರು ಇನ್ನೂ ಕಣ್ಣು ಬಿಡುವ ಮುನ್ನ ಹೊರಟರೆ ಸಿದ್ದಲಿಂಗಪುರ ದಾಟುವ ವೇಳೆಗೆ ಪೂರ್ವದಲ್ಲಿ ಬೂದುಬಣ್ಣ ತೆಳುವಾಗುತ್ತದೆ. ಕಳಸ್ತವಾಡಿ ಕಳೆದ ಮೇಲೆ ಗದ್ದೆಯ ತೇವ ರಸ್ತೆಯವರೆಗೂ ಹಬ್ಬಿರುವ ಕೆಲವು ಕಡೆ ಗಾಳಿ ಇದ್ದಕ್ಕಿದ್ದಂತೆ ತಣ್ಣಗಾಗಿ, ಮೊಣಕಾಲಿನವರೆಗೆ ನೀರಿಗಿಳಿದ ಹಾಗೆ ಅನ್ನಿಸುತ್ತದೆ. ಹತ್ತು ಮಾರು ಮುಂದೆ ಹೋಗುವಷ್ಟರಲ್ಲಿ ಮತ್ತೆ ಬೆಚ್ಚಗೆ. ಆಲೆಮನೆ ನಡೆಯುವ ದಿನಗಳಲ್ಲಿ ಪಟ್ಟಣ ದಾಟಿ ಇನ್ನೂ ಮುಂದಕ್ಕೆ ಹೋದರೆ ಬೆಲ್ಲದ ಪಾಕದ ಪರಿಮಳ ಮೊದಲು ಸಿಗುತ್ತದೆ, ಹೊಗೆ ಆಮೇಲೆ ಕಾಣುತ್ತದೆ. ಹೊಳೆಯ ಕಡೆಗಿನ ಇಳಿಜಾರಿನಲ್ಲಿ ಪೆಡಲು ತುಳಿಯುವುದನ್ನು ನಿಲ್ಲಿಸಿದರೆ ಹಿಂದಿನ ಚಕ್ರದ ಫ್ರೀವೀಲು ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ತುಳಿಯುತ್ತಿರುವಷ್ಟು ಹೊತ್ತು ಆ ಸದ್ದು ಇರುವುದಿಲ್ಲ. ಶ್ರಮವೆಲ್ಲ ನಿಂತು, ಗಳಿಸಿದ ವೇಗವೊಂದೇ ನಮ್ಮನ್ನು ಒಯ್ಯುವಾಗ ಮಾತ್ರ ಗಡಿಯಾರದಂಥ ಆ ಲಯ ಕಿವಿಗೆ ಬೀಳುತ್ತದೆ. ನನಗೆ ತಿಳಿದಿರುವ ಸುಖಗಳಲ್ಲಿ ಇಷ್ಟು ಅಗ್ಗದ, ಇಷ್ಟು ನಿಚ್ಚಳವಾದ ಸುಖ ಬೇರೊಂದಿಲ್ಲ. ಅದರೊಳಗೇ ಒಂದು ಸಣ್ಣ ವಿಷಾದವೂ ಇದೆ. ಇಳಿಜಾರು ಮುಗಿಯುತ್ತದೆ ಎನ್ನುವುದನ್ನು ಎಣಿಸುತ್ತಲೇ ಆ ಸದ್ದು ಸಾಗುತ್ತಿರುತ್ತದೆ.

ಸೈಕಲ್ ಸವಾರ ದಾರಿಯನ್ನು ಕಣ್ಣಿನಿಂದ ಮಾತ್ರ ಅರಿಯುವುದಿಲ್ಲ. ಡಾಂಬರು ಎಲ್ಲಿ ಹೊಸದು, ಎಲ್ಲಿ ಹಳೆಯದು ಎನ್ನುವುದು ಅಂಗೈಗೆ ಗೊತ್ತು. ಕಣ್ಣಿಗೆ ಸಮತಟ್ಟಾಗಿ ಕಾಣುವ ಜಾಗದಲ್ಲಿ ಸಣ್ಣ ಏರಿದೆ ಎಂಬುದು ತೊಡೆಗೆ ಗೊತ್ತು. ಹೀಗೆ ಮೈಗೆ ಅಂಟಿದ ದಾರಿಯಲ್ಲಿ ಏನಾದರೂ ಕಡಿಮೆಯಾದರೆ ಅದನ್ನು ಮೊದಲು ಅರಿಯುವುದೂ ಮೈಯೇ. ಒಂದು ಹುಣಿಸೆಮರದ ವಿಷಯದಲ್ಲಿ ನನಗೆ ಹಾಗೆಯೇ ಆಯಿತು. ಮರಳಿ ಬರುವಾಗ, ಬಿಸಿಲು ಬಲಿಯುವ ಎಂಟೂವರೆಯ ಸುಮಾರಿಗೆ, ಒಂದು ತಿರುವಿನ ನಂತರ ನಾಲ್ಕು ಪೆಡಲಿನಷ್ಟು ಉದ್ದ ನೆರಳು ಬೀಳುತ್ತಿತ್ತು. ಅದನ್ನು ನಾನೆಂದೂ ನೆರಳೆಂದು ಎಣಿಸಿ ನೋಡಿದವನಲ್ಲ. ಒಂದು ಭಾನುವಾರ ಆ ಜಾಗ ದಾಟಿದ ಮೇಲೆ ಏನೋ ಬಾಕಿ ಉಳಿದಂತೆ ಅನ್ನಿಸಿತು. ಕುತ್ತಿಗೆಯ ಮೇಲೆ ಬಿಸಿಲು ಕದಲದೆ ಕುಳಿತೇ ಇತ್ತು. ಸೈಕಲ್ ನಿಲ್ಲಿಸಿ ಹಿಂದಿರುಗಿ ನೋಡಿದೆ. ನೆಲಮಟ್ಟಕ್ಕೆ ಕೊಯ್ದ ಬೊಡ್ಡೆ, ಇನ್ನೂ ಹಸಿಯಾಗಿಯೇ ಇದ್ದ ಅದರ ಕೆಂಗಂದು ತಿರುಳು, ಸುತ್ತ ಹರಡಿದ ಗರಗಸದ ಹೊಟ್ಟು. ಅದೇ ದಾರಿಯಲ್ಲಿ ದಿನಕ್ಕೆರಡು ಸಲ ಕಾರಿನಲ್ಲಿ ಓಡಾಡುವ ನೆರೆಯವರನ್ನು ಕೇಳಿದರೆ ಅಲ್ಲೊಂದು ಮರವಿದ್ದದ್ದು ಅವರ ಗಮನಕ್ಕೇ ಬಂದಿರಲಿಲ್ಲ. ಅವರದೇನೂ ತಪ್ಪಲ್ಲ. ಆ ವೇಗದಲ್ಲಿ ನೆರಳಿಗೆ ಮೈಯನ್ನು ಮುಟ್ಟುವಷ್ಟು ಕಾಲಾವಕಾಶವಿಲ್ಲ.

ಅದು ರಸ್ತೆ ಅಗಲವಾಗುತ್ತಿದ್ದ ಕಾಲ. ಬೆಂಗಳೂರು ಮೈಸೂರು ನಡುವಿನ ಸುಮಾರು 119 ಕಿಲೋಮೀಟರಿನ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲಿಗೂ ಪ್ರವೇಶ ನಿಂತಿತು. ಅತಿವೇಗದ ವಾಹನಗಳ ನಡುವೆ ನಿಧಾನದ ಜೀವಗಳಿಗೆ ಅಪಾಯವೆಂಬುದು ಕಾರಣ. ಆ ಕಾರಣ ಸುಳ್ಳಲ್ಲ. ಈಗ ನಾವು ಪಕ್ಕದ ಸರ್ವಿಸ್ ರಸ್ತೆಯಲ್ಲಿ ಸಾಗುತ್ತೇವೆ. ನನಗೆ ಅದರಲ್ಲಿ ದೂರುವಂಥದ್ದು ಹೆಚ್ಚಿಲ್ಲ. ಆದರೆ ತಡೆಗೋಡೆಯಾಚೆ ಹಾದುಹೋಗುವ ವಾಹನಗಳ ಸದ್ದು ಕೇಳುವಾಗ ಒಂದು ಯೋಚನೆ ಬಾರದಿರುವುದಿಲ್ಲ. ಉಳಿಸಿದ ಆ ಒಂದೂವರೆ ಗಂಟೆಯನ್ನು ಜನ ಎಲ್ಲಿ ಇಟ್ಟುಕೊಳ್ಳುತ್ತಾರೆ? ನನ್ನ ಅನುಭವದಲ್ಲಿ ಕಾಲವನ್ನು ಉಳಿಸಿಡಲು ಬಾರದು. ಟ್ಯೂಬಿನ ಗಾಳಿಯಂತೆ ಅದೂ ತೂತಿಲ್ಲದೆಯೇ ಇಳಿಯುತ್ತದೆ. ಸೈಕಲ್ಲಿನ ಮೇಲೆ ಕಳೆದ ಗಂಟೆಯೂ ಕಳೆದೇ ಹೋಯಿತು. ಆದರೆ ಅದು ಹೋದದ್ದು ನನಗೆ ತಿಳಿಯಿತು, ಪ್ರತಿ ಫರ್ಲಾಂಗಿನಲ್ಲಿಯೂ ತಿಳಿಯಿತು.

ಹೊಳೆಯ ಬಳಿ ಪಶ್ಚಿಮವಾಹಿನಿಯಲ್ಲಿ ನಾನು ಸೈಕಲ್ಲಿಗೆ ಸ್ಟ್ಯಾಂಡು ಹಾಕುತ್ತೇನೆ. ಪೂರ್ವಕ್ಕೆ ಹರಿಯುವ ಕಾವೇರಿ ಇಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುವುದರಿಂದ ಆ ಹೆಸರು. ಊರೂರುಗಳಿಂದ ಜನ ತಮ್ಮವರ ಅಸ್ಥಿಯನ್ನು ತರುವ ತಾಣವದು. 1948ರ ಫೆಬ್ರವರಿ 12ರಂದು ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನು ಬಿಟ್ಟದ್ದೂ ಇದೇ ನೀರಿನಲ್ಲಿ. ಬೆವರಿದ ಮೈಯನ್ನು ಗಾಳಿಗೊಡ್ಡಿ ಮೆಟ್ಟಿಲ ಮೇಲೆ ಕುಳಿತಾಗ ಕೆಂಪು ಬಟ್ಟೆ ಕಟ್ಟಿದ ಕುಡಿಕೆ ಹಿಡಿದ ಒಂದಾದರೂ ಕುಟುಂಬ ಕಣ್ಣಿಗೆ ಬೀಳುತ್ತದೆ. ಒಮ್ಮೆ ಹತ್ತು ಹನ್ನೆರಡರ ಹುಡುಗನೊಬ್ಬ, ಹಿರಿಯರೆಲ್ಲ ನೀರಿನಲ್ಲಿದ್ದಾಗ, ನನ್ನ ಸೈಕಲ್ಲಿನ ಬಳಿ ಬಂದು ನಿಂತ. ಮೆಲ್ಲನೆ ಪೆಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದ. ಫ್ರೀವೀಲು ಸದ್ದು ಮಾಡಿತು. "ನಮ್ಮ ತಾತನ ಸೈಕಲ್ಲೂ ಹಿಂಗೇ ಸೌಂಡ್ ಮಾಡ್ತಿತ್ತು" ಎಂದ. ಕುಡಿಕೆಯಲ್ಲಿ ಬಂದವರು ಯಾರೆಂದು ನಾನು ಕೇಳಲಿಲ್ಲ. ಅವನು ಇನ್ನೂ ಎರಡು ಸಲ ತಿರುಗಿಸಿ, ಅದು ನಿಲ್ಲುವವರೆಗೆ ಕೇಳಿ, ನೀರಿನ ಕಡೆಗೆ ಓಡಿದ.

ನನ್ನ ಅಪ್ಪನದು ಅಟ್ಲಾಸ್ ಸೈಕಲ್. ಹ್ಯಾಂಡಲ್ಲಿನ ಕೆಳಗೆ ಭೂಗೋಳವನ್ನು ಹೆಗಲ ಮೇಲೆ ಹೊತ್ತ ಮನುಷ್ಯನ ಪುಟ್ಟ ಲಾಂಛನ. ಅದರ ತ್ರಿಕೋನದೊಳಗೆ ಕಾಲು ತೂರಿಸಿ, ಒಳಪೆಡಲು ಹೊಡೆಯುತ್ತ ನಾನು ಸಮತೋಲ ಕಲಿತೆ. ಆ ಕಾಲದಲ್ಲಿ ಸೈಕಲ್ಲಿಗೆ ಪುರಸಭೆಯ ತೆರಿಗೆಯಿತ್ತು, ತೆರಿಗೆ ಕಟ್ಟಿದ್ದಕ್ಕೆ ಬಿಲ್ಲೆಯಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಹೊರಟರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದರು. ಇವೆಲ್ಲ ಎಂದು ಹೋದವು? ಯಾರೂ ಒಂದು ದಿನ ನಿಂತು ನಿಲ್ಲಿಸಿದ್ದಲ್ಲ. ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳು ಒಂದೊಂದಾಗಿ ಬೇರೆ ವ್ಯಾಪಾರ ಹಿಡಿದವು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಹಳ್ಳಿಯ ರಸ್ತೆಗಳಲ್ಲಿ ಎರಡು ಜಡೆಯ ಹುಡುಗಿಯರ ಸಾಲುಗಳು ಹೊಸ ಜೀವದಂತೆ ಕಂಡವು. ಕೋವಿಡ್ ಬಂದ ಮೇಲೆ ಆ ವಿತರಣೆ ನಿಂತಿತು. 2018ರಲ್ಲಿ ವಿಶ್ವಸಂಸ್ಥೆ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ಘೋಷಿಸಿತು. 2020ರಲ್ಲಿ ಅದೇ ಜೂನ್ 3ರಂದು ದೆಹಲಿಯ ಪಕ್ಕದ ಸಾಹಿಬಾಬಾದಿನಲ್ಲಿದ್ದ ಅಟ್ಲಾಸ್ ಕಾರ್ಖಾನೆ ಕೆಲಸ ನಿಲ್ಲಿಸಿತು. ಸುದ್ದಿ ಓದಿದ ದಿನ ಅಪ್ಪನ ಸೈಕಲ್ಲಿನ ಆ ಲಾಂಛನವನ್ನು ಪೆಟ್ಟಿಗೆಯಿಂದ ತೆಗೆದು ಒರೆಸಿದೆ. ಹೊತ್ತ ಮನುಷ್ಯನ ಮುಖ ಸವೆದುಹೋಗಿತ್ತು, ಹೆಗಲು ಉಳಿದಿತ್ತು.

ಬಹಳ ವರ್ಷ ನನ್ನ ಜೊತೆ ಭಾನುವಾರದ ಸವಾರಿಗೆ ಬರುತ್ತಿದ್ದವರು ನಿವೃತ್ತ ಗಣಿತದ ಮೇಷ್ಟ್ರು. ನನಗಿಂತ ಇಪ್ಪತ್ತು ವರ್ಷ ಹಿರಿಯರಾದರೂ ಏರಿನಲ್ಲಿ ಅವರೇ ಮುಂದೆ. ಮೊದಲು ಅವರು ಚಾಮುಂಡಿಬೆಟ್ಟದ ಏರನ್ನು ಬಿಟ್ಟರು. "ಈ ತಿಂಗಳು ಬೇಡ" ಎಂದರು. ಕೆಲವು ಕಾಲದ ಮೇಲೆ ಹೊಳೆಯವರೆಗೆ ಬರುವುದನ್ನು ಬಿಟ್ಟು ಕಳಸ್ತವಾಡಿಯಿಂದ ಹಿಂದಿರುಗತೊಡಗಿದರು. ಮಳೆಗಾಲ ಬಂತು, ಮಂಡಿ ನೋವು ಬಂತು, ಮನೆಯಲ್ಲೊಂದು ಮದುವೆ ಬಂತು. "ಮೇಷ್ಟ್ರೇ, ನಾಳೆ ಬರ್ತೀರಾ?" ಎಂದು ಕೇಳಿದರೆ "ನೋಡೋಣ, ಗಾಳಿಯಂತೂ ತುಂಬಿಸಿಟ್ಟಿರ್ತೀನಿ" ಎನ್ನುತ್ತಿದ್ದರು. ಕೊನೆಯ ಸವಾರಿ ಯಾವುದೆಂದು ಈಗ ಇಬ್ಬರೂ ಕುಳಿತು ನೆನಪಿಸಿಕೊಂಡರೂ ತಿಳಿಯುವುದಿಲ್ಲ. ಬಿದ್ದು ಪೆಟ್ಟಾಗಿದ್ದರೆ ಆ ದಿನವಾದರೂ ನೆನಪಿರುತ್ತಿತ್ತು. ಶಾಪಿನ ಹಿರಿಯರು ಹೇಳಿದ್ದ ಮಾತು ನನಗೆ ಪೂರ್ತಿಯಾಗಿ ಅರ್ಥವಾದದ್ದು ಆಗ. ನಮ್ಮಿಂದ ಹೋಗುವ ಬಹುಪಾಲು ಸಂಗತಿಗಳು ಹೀಗೆಯೇ ಹೋಗುತ್ತವೆ: ಗೆಳೆತನದ ಬಿಸುಪು, ಕಂಠಪಾಠವಾಗಿದ್ದ ಪದ್ಯ, ತೀರಿಕೊಂಡ ತಾಯಿಯ ದನಿ. ಶೋಕಿಸಲು ತಿಥಿಯಿಲ್ಲ, ತೋರಿಸಲು ಗಾಯವಿಲ್ಲ. ಒತ್ತಿ ನೋಡುವ ಬೆರಳೊಂದಿದ್ದರೆ ಮಾತ್ರ ತಿಳಿಯುತ್ತದೆ.

ಆ ಒತ್ತಿ ನೋಡುವಿಕೆಯನ್ನು ನಾನು ಈಗ ಸವಾರಿಯ ಪೂರ್ವಸಿದ್ಧತೆಯೆಂದು ಎಣಿಸುವುದಿಲ್ಲ. ಸವಾರಿಯ ಆನಂದದ ಅರ್ಧ ಅದರಲ್ಲೇ ಇದೆ. ಪಂಪಿನ ಹಿಡಿಯನ್ನು ಎರಡೂ ಕೈಯಿಂದ ಕೆಳಕ್ಕೆ ಒತ್ತಿದಾಗ ಕೊಳವೆಯ ಬುಡ ಬೆಚ್ಚಗಾಗುತ್ತದೆ, ರಿಮ್ಮು ನೆಲದಿಂದ ಕೂದಲೆಳೆಯಷ್ಟು ಮೇಲೇಳುತ್ತದೆ. ಇದು ಮುಂದಿನ ಶನಿವಾರದವರೆಗೆ ಪೂರ್ತಿ ನಿಲ್ಲುವುದಿಲ್ಲವೆಂದು ನನಗೆ ಗೊತ್ತು. ಗೊತ್ತಿದ್ದೂ ತುಂಬುವಾಗ ಮನಸ್ಸು ಶಾಂತವಾಗಿರುತ್ತದೆ. ನನ್ನದು ಮುಗಿದ ಮೇಲೆ ಪಂಪನ್ನು ಕೈಯಲ್ಲಿ ಹಿಡಿದು ಎರಡು ಬೀದಿ ಆಚೆಗಿರುವ ಮೇಷ್ಟ್ರ ಮನೆಗೆ ಹೋಗುತ್ತೇನೆ. ಅವರ ಸೈಕಲ್ ಜಗುಲಿಯ ಮೂಲೆಯಲ್ಲಿ ಗೋಡೆಗೆ ಒರಗಿದೆ. ಅವರು ಕುರ್ಚಿಯಲ್ಲಿ ಕುಳಿತು ಎಣಿಸುತ್ತಾರೆ, ನಾನು ಒತ್ತುತ್ತೇನೆ. ಹಿಂದಿನ ಚಕ್ರಕ್ಕೆ ಮೂವತ್ತು, ಮುಂದಿನದಕ್ಕೆ ಇಪ್ಪತ್ತೈದು. ಅದನ್ನು ಇನ್ನು ಯಾರೂ ತುಳಿಯುವುದಿಲ್ಲವೆಂದು ನಮ್ಮಿಬ್ಬರಿಗೂ ತಿಳಿದಿದೆ. ಆದರೆ ಗಾಳಿಯಿಲ್ಲದೆ ನಿಂತ ಸೈಕಲ್ಲಿನ ಟೈರು, ತನ್ನ ಭಾರಕ್ಕೆ ತಾನೇ ಮಡಚಿಕೊಂಡು, ರಿಮ್ಮಿನ ಅಂಚಿನಲ್ಲಿ ಬಿರುಕು ಬಿಡುತ್ತದೆ.